ಡ್ರಮ್ಮಾ, ಕಂಪ್ರೆಸರ್ ಟ್ಯಾಂಕಾ, ಗ್ಯಾಸ್ ಟ್ಯಾಂಕಾ? ಹಿತ್ತಲಿಗೆ ಸ್ಮೋಕರ್ ಕಟ್ಟುವ ಮುಂಚೆ

ಕಳೆದ ಬೇಸಿಗೆಯಲ್ಲಿ ನಮ್ಮ ಹಿತ್ತಲಿಗೆ ಊಟಕ್ಕೆ ಬಂದಿದ್ದ ಮೂವರು ಗೆಳೆಯರು, ಹೋಗಿ ಒಂದೇ ವಾರದಲ್ಲಿ ಒಬ್ಬೊಬ್ಬರಾಗಿ ಫೋಟೋ ಕಳಿಸತೊಡಗಿದರು. ಮೊದಲನೆಯವರದು ಯಾರದೋ ಬೇಲಿ ಪಕ್ಕ ಬಿದ್ದಿದ್ದ 250 ಗ್ಯಾಲನ್ನಿನ ಪ್ರೊಪೇನ್ (ಉರಿಸುವ ಗ್ಯಾಸಿನ) ಟ್ಯಾಂಕು. ಎರಡನೆಯವರದು ಹೊಸದು ಹಾಕಿಸಿದ ಮೇಲೆ ಗರಾಜಿನಲ್ಲಿ ಉಳಿದಿದ್ದ ಹಳೆ ವಾಟರ್ ಹೀಟರ್. ಮೂರನೆಯವರದು ಸಾದಾ ಡ್ರಮ್ಮು. ಪ್ರಶ್ನೆ ಮಾತ್ರ ಒಂದೇ. "ಇದರಲ್ಲಿ ಸ್ಮೋಕರ್ ಆಗತ್ತಾ, ಬೇರೆ ಹುಡುಕ್ಲಾ?" ಸ್ಮೋಕರ್ ಅಂದರೆ ಸೌದೆ, ಕೆಂಡದ ಕಾವು ಮತ್ತು ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಒಲೆ.

ನಾವಿರುವುದು ಟೆಕ್ಸಾಸಿನಲ್ಲಿ, ಆಸ್ಟಿನ್ ಊರಿನ ಹೊರವಲಯದಲ್ಲಿ. ಇಲ್ಲಿ ಈ ಹುಚ್ಚು ಹಿಡಿಯದೆ ಇರುವುದೇ ಕಷ್ಟ. ಅರ್ಧ ಮುಕ್ಕಾಲು ಗಂಟೆ ದೂರದ ಲಾಕ್‌ಹಾರ್ಟ್ ಊರನ್ನು ಶಾಸಕಾಂಗವೇ ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಅಂತ ಸಾರಿದೆ. 2009ರಲ್ಲಿ ಶುರುವಾದ ಆಸ್ಟಿನ್‌ನ ಫ್ರ್ಯಾಂಕ್ಲಿನ್ ಬಾರ್ಬೆಕ್ಯೂ ಅನ್ನುವ ಹೋಟೆಲಿನಲ್ಲಿ 1000 ಗ್ಯಾಲನ್ನಿನ ಪ್ರೊಪೇನ್ ಟ್ಯಾಂಕುಗಳನ್ನೇ ಸ್ಮೋಕರ್ ಮಾಡಿಕೊಂಡಿದ್ದಾರೆ. ಅದನ್ನು ನೋಡಿ ಬಂದವರಿಗೆ ದೊಡ್ಡ ಟ್ಯಾಂಕೇ ಕಣ್ಣಿಗೆ ಕಟ್ಟುತ್ತದೆ. ತಮಾಷೆ ಏನೆಂದರೆ, 1900ರಿಂದ ನಡೆಯುತ್ತಿರುವ ಲಾಕ್‌ಹಾರ್ಟಿನ ಕ್ರೈಟ್ಸ್ ಮಾರ್ಕೆಟ್‌ನಂಥ ಹಳಬರ ಒಲೆಗಳು ಇಟ್ಟಿಗೆಯವು. ಕಬ್ಬಿಣದ ಸ್ಮೋಕರ್ ಹಿತ್ತಲಿಗೆ ಬಂದದ್ದು ಆಮೇಲೆ. ತೈಲಬಾವಿಗಳಲ್ಲಿ ಕೆಲಸ ಮಾಡುತ್ತಿದ್ದ ವೆಲ್ಡರ್‌ಗಳ ಕೈಯಲ್ಲಿ ದಪ್ಪ ಪೈಪಿನ ತುಂಡು ಇತ್ತು, ಕೆಲಸ ಗೊತ್ತಿತ್ತು, ಸಂಜೆ ಹೊತ್ತು ಖಾಲಿ ಇತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ತಮಗೆ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡ ಟ್ಯಾಂಕು ತರುತ್ತಾರೆ. ವರ್ಷಕ್ಕೆರಡು ಸಲ ಬೆಂಕಿ ಹಾಕುತ್ತಾರೆ. ಉಳಿದ ದಿನ ಅದರ ಮೇಲೆ ಟಾರ್ಪಾಲ್ ಹೊದಿಸಿರುತ್ತಾರೆ.

ಅದಕ್ಕೇ ಟ್ಯಾಂಕು ನೋಡುವ ಮುಂಚೆ ನಾಲ್ಕು ಪ್ರಶ್ನೆ.

ಅದರೊಳಗೆ ಮೊದಲು ಏನಿತ್ತು? ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಉಳಿದ ಮೂರು ಕೇಳುವುದೇ ಬೇಡ. ಮಾರುವವರು "ಏನೋ ಎಣ್ಣೆ ಇತ್ತು ಅನ್ಸತ್ತೆ" ಅಂದರೆ ವಾಪಸ್ ಬನ್ನಿ.

ಮಾಮೂಲಿ ಶನಿವಾರ ನಿಮ್ಮ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ? ಮಗಳ ಹುಟ್ಟುಹಬ್ಬದ ದಿನ ಅಲ್ಲ, ಮಾಮೂಲಿ ಶನಿವಾರ.

ಬೆಂಕಿ ಪಕ್ಕ ಎಷ್ಟು ಹೊತ್ತು ಕೂರುತ್ತೀರಿ? ಇದು ದುಡ್ಡಿಗಿಂತ ದೊಡ್ಡ ಪ್ರಶ್ನೆ. ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಬರುತ್ತೇನೆ.

ಕೊನೆಯದು: ವೆಲ್ಡಿಂಗ್ ಬರುತ್ತಾ, ಇಲ್ಲ ಬರುವವರು ಗೊತ್ತಾ? ಮಿಕ್ಕ ಖರ್ಚೆಲ್ಲ ಹೆಚ್ಚುಕಡಿಮೆ ಇದರ ಮೇಲೇ ನಿಂತಿದೆ.

ಕೆಂಡದ ಬೆಂಕಿ, ಸೌದೆಯ ಬೆಂಕಿ

ಊರಿನ ಬಚ್ಚಲ ಒಲೆ ನೆನಪಿದೆಯಾ? ಉರಿ ಒಂದು ಕಡೆ, ಹಂಡೆ ಒಂದು ಕಡೆ, ಹೊಗೆ ಆಚೆ ಕೊಳವೆಯಲ್ಲಿ. ಟೆಕ್ಸಾಸಿನ ಅಡ್ಡ ಟ್ಯಾಂಕಿನ ಸ್ಮೋಕರ್ ಹೆಚ್ಚುಕಡಿಮೆ ಅದೇ. ಒಂದು ತುದಿಗೆ ಬೆಂಕಿಪೆಟ್ಟಿಗೆ, ಇಲ್ಲಿಯವರು ಫೈರ್‌ಬಾಕ್ಸ್ ಅನ್ನುತ್ತಾರೆ. ನಡುವೆ ಮಾಂಸ ಇಡುವ ಟ್ಯಾಂಕು. ಇನ್ನೊಂದು ತುದಿಗೆ ಚಿಮಣಿ. ಅದರಲ್ಲಿ ಉರಿಯುವುದು ನಿಜವಾದ ಸೌದೆ. ನಮ್ಮ ಕಡೆ ಪೋಸ್ಟ್ ಓಕ್, ಬೇರೆ ಕಡೆ ಹಿಕರಿ, ಪೀಕಾನ್. ಮುಕ್ಕಾಲು ಗಂಟೆಗೊಮ್ಮೆ ಒಂದು ಸೀಳು ಹಾಕಲೇಬೇಕು. ಗಾಳಿ ಕಡಿಮೆಯಾದರೆ ಹೊಗೆ ಬೆಳ್ಳಗೆ ದಟ್ಟವಾಗಿ ಬರುತ್ತದೆ, ಮಾಂಸ ಕಹಿಯಾಗುತ್ತದೆ. ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ ಹೋಗುತ್ತಿದ್ದರೆ ಸರಿ ಇದೆ ಅಂತ. 12-14 ಪೌಂಡಿನ ಇಡೀ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) 225ರಿಂದ 275 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ಸುಮಾರು 107ರಿಂದ 135 ಸೆಲ್ಸಿಯಸ್ಸಿನಲ್ಲಿ, ಹತ್ತು ಹನ್ನೆರಡು ಗಂಟೆ ಬೇಯಬೇಕು. ಅಷ್ಟು ಹೊತ್ತೂ ನೀವು ಅದರ ಪಕ್ಕದಲ್ಲೇ.

ನಿಲ್ಲಿಸಿದ ಡ್ರಮ್ಮಿನ ಲೆಕ್ಕ ಬೇರೆ. ಕೆಳಗೆ ಒಂದು ಬುಟ್ಟಿ ಇದ್ದಿಲು, ಮೇಲಿಂದ ಒಂದಿಷ್ಟು ಕೆಂಡ, ಜೊತೆಗೆ ಎರಡು ಮೂರು ತುಂಡು ಸೌದೆ. ಸುಮಾರು ಎರಡಡಿ ಮೇಲೆ ಜಾಲರಿ. ಗಾಳಿ ಹೋಗುವ ತೂತು ಚಿಕ್ಕದು, ಅದನ್ನು ಮುಚ್ಚಿ ತೆಗೆದು ಕಾವು ಹಿಡಿದಿಡುತ್ತೀರಿ. ಒಮ್ಮೆ ಸರಿಹೋದರೆ ನಿದ್ದೆಗೂ ಹೋಗಬಹುದು. ರುಚಿ? ಸೌದೆಯ ಉರಿಯ ಪರಿಮಳ ಇದಕ್ಕೆ ಬರುವುದಿಲ್ಲ. ಆದರೆ ಮಾಂಸದ ರಸ, ಕೊಬ್ಬು ನೇರ ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆ ಇದೆಯಲ್ಲ, ಅದರ ರುಚಿಯೇ ಬೇರೆ. ಕೋಳಿಗೆ ನನಗೆ ಅದೇ ಇಷ್ಟ.

ಡ್ರಮ್ಮು

55 ಗ್ಯಾಲನ್ನಿನ ಉಕ್ಕಿನ ಡ್ರಮ್ಮು ಒಳಗೆ ಇಪ್ಪತ್ತೆರಡೂವರೆ ಇಂಚು ಅಗಲ. 22 ಇಂಚಿನ ಗುಂಡು ಗ್ರಿಲ್‌ಗಳಿಗೆ ಸಿಗುವ ಜಾಲರಿ ಅದರಲ್ಲಿ ಆರಾಮಾಗಿ ಕೂರುತ್ತದೆ, ಅದಕ್ಕಾಗಿ ಕಬ್ಬಿಣ ಕತ್ತರಿಸುವ ಕೆಲಸವೇ ಇಲ್ಲ. ವೆಲ್ಡಿಂಗ್ ಬೇಡ. ಡ್ರಿಲ್ಲು, ಮುಕ್ಕಾಲು ಇಂಚಿನ ನಾಲ್ಕು ಪೈಪ್ ತುಂಡು, ಒಂದು ಬಾಲ್ ವಾಲ್ವ್, ಒಂದಷ್ಟು ಬೋಲ್ಟ್ ನಟ್ಟು. ಪೈಪುಗಳನ್ನು ತಳದಿಂದ ಎರಡು ಮೂರಿಂಚು ಮೇಲೆ ಸುತ್ತಲೂ ಹಾಕಿ. ವಾಲ್ವ್ ಒಂದಕ್ಕೆ, ಉಳಿದ ಮೂರಕ್ಕೆ ಮುಚ್ಚಳ. ಡ್ರಮ್ಮಿನ ಮುಚ್ಚಳದಲ್ಲಿ ಮೊದಲೇ ಇರುವ ಎರಡಿಂಚಿನ ತೂತೇ ಹೊಗೆಗೆ ದಾರಿ. ನನಗೆ ಒಂದು ಶನಿವಾರ ಭಾನುವಾರ ಹಿಡಿಯಿತು, ಎಲ್ಲ ಸೇರಿ ಇನ್ನೂರು ಡಾಲರ್ ಒಳಗೆ ಮುಗಿಯಿತು. ಹತ್ತು ಹನ್ನೆರಡು ಪೌಂಡ್ ಇದ್ದಿಲು ಹಿಡಿಯುವ ಬುಟ್ಟಿ ಇದ್ದರೆ ಒಂದು ಇಡೀ ರಾತ್ರಿ ಕಳೆಯುತ್ತದೆ.

ತೊಂದರೆ ಎರಡು. ತಗಡು ಒಂದು ಮಿಲಿಮೀಟರ್ ಆಸುಪಾಸು, ಅಷ್ಟೇ. ಜನವರಿಯ ಚಳಿಗಾಳಿಯಲ್ಲಿ ಇದ್ದಿಲು ಜಾಸ್ತಿ ತಿನ್ನುತ್ತದೆ, ನಾಲ್ಕಾರು ವರ್ಷಕ್ಕೆ ತಳ ತುಕ್ಕು ಹಿಡಿಯುತ್ತದೆ. ಹಿಡಿದರೆ ಹಿಡಿಯಲಿ ಬಿಡಿ, ಪೈಪು ಬಿಚ್ಚಿ ಇನ್ನೊಂದು ಡ್ರಮ್ಮಿಗೆ ಹಾಕಿದರಾಯಿತು.

ಎರಡನೆಯದು ಒಳಗಿನ ಲೇಪ. ನಾನು ಎಡವಿದ್ದೇ ಇಲ್ಲಿ. ಹಣ್ಣಿನ ರಸ ತುಂಬಿದ್ದ ಡ್ರಮ್ಮು ಅಂತ ಖುಷಿಯಿಂದ ತಂದೆ. ಒಳಗೆ ಇಟ್ಟಿಗೆ ಬಣ್ಣದ ಎಪಾಕ್ಸಿ ಬಳಿದಿದ್ದರು. ಸೌದೆ ತುಂಬಿ ಮೂರು ಸಲ ಸುಟ್ಟೆ, ವೈರ್ ಬ್ರಷ್ ಹಾಕಿ ಎರಡು ಸಂಜೆ ಉಜ್ಜಿದೆ, ಆದರೂ ಮಡಿಕೆಯ ಸಂದಿನಲ್ಲಿ ಉಳಿದೇ ಉಳಿಯಿತು. ಹೆಂಡತಿ "ಇದರಲ್ಲಿ ಮಾಡಿದ್ದನ್ನ ಮಕ್ಕಳಿಗೆ ಕೊಡ್ತೀರಾ?" ಅಂದಳು. ಉತ್ತರ ಇರಲಿಲ್ಲ. ಅದನ್ನು ಗುಜರಿಗೆ ಹಾಕಿ, ಒಳಗೆ ಲೇಪವಿಲ್ಲದ ಹೊಸ ಡ್ರಮ್ಮು ತಂದೆ. ನೀವು ಮೊದಲೇ ಅದನ್ನು ತನ್ನಿ. ಇಡೀ ಮುಚ್ಚಳ ಬಿಚ್ಚಿ ಬರುವಂಥದ್ದು ಕೇಳಿ.

ಊರಲ್ಲಿರುವವರಿಗೆ ಒಂದು ಮಾತು. ಅಲ್ಲಿಯ 200 ಲೀಟರ್ ಡ್ರಮ್ಮು ಇದರ ಒಡಹುಟ್ಟಿದ್ದೇ. ಆದರೆ ಟಾರ್ ಡ್ರಮ್ಮು, ಔಷಧಿ ಡ್ರಮ್ಮು ಬೇಡವೇ ಬೇಡ. ಟಾರ್ ಡ್ರಮ್ಮಿನಲ್ಲಿ ಸ್ನಾನಕ್ಕೆ ನೀರು ಕಾಯಿಸಿದ್ದೇವೆ ಅಂತ ಅದರ ಹೊಗೆ ತಿನ್ನೋಕಾಗತ್ತಾ? ಅಡುಗೆ ಮನೆಯ ಗ್ಯಾಸ್ ಸಿಲಿಂಡರನ್ನೂ ಮುಟ್ಟಬೇಡಿ. ನೀವು ಕಟ್ಟಿದ್ದು ಬರೀ ಡಿಪಾಸಿಟ್ಟು, ಸಿಲಿಂಡರ್ ತೈಲ ಕಂಪನಿಯದು. ಅದನ್ನು ಕತ್ತರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು.

ಕಂಪ್ರೆಸರ್ ಟ್ಯಾಂಕು

ಇದನ್ನು ಯಾಕೋ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಟೈರ್ ಅಂಗಡಿ, ಗರಾಜುಗಳಲ್ಲಿ ನಿಂತಿರುವ ಗಾಳಿ ಟ್ಯಾಂಕು ಇದೆಯಲ್ಲ, ಅದೇ. 60 ಗ್ಯಾಲನ್ನಿನದು ಸಾಧಾರಣವಾಗಿ 20 ಇಂಚು ಅಗಲ, ನಾಲ್ಕಡಿ ಉದ್ದ. 80 ಗ್ಯಾಲನ್ನಿನದು 24 ಇಂಚು ಅಗಲದ್ದು ಸಿಗುತ್ತದೆ. ಒಳಗೆ ಇದ್ದದ್ದು ಗಾಳಿ. ಜೊತೆಗೆ ಒಂಚೂರು ನೀರು, ಕಂಪ್ರೆಸರಿನ ಎಣ್ಣೆ, ತುಕ್ಕು. ಗ್ಯಾಸಿನ ಭಯ ಇಲ್ಲ. ಒಳಗೆ ನೀರು ನಿಂತು ತಳ ತುಕ್ಕು ಹಿಡಿದರೆ ಆ ಟ್ಯಾಂಕಿಗೆ ಮತ್ತೆ ಗಾಳಿ ತುಂಬುವುದು ಅಪಾಯ, ಹಾಗಾಗಿ ಗುಜರಿಗೆ ಬರುತ್ತದೆ. ಸೂಜಿಮೊನೆಯಷ್ಟು ತೂತು ನಮಗೇನೂ ತೊಂದರೆ ಅಲ್ಲ. ಆದರೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, ತಳವೆಲ್ಲ ಮೆತ್ತಗೆ ಕೇಳಿದರೆ ಬೇಡ. ತರುವ ಮುಂಚೆ ಒಳಗಿನ ಗಾಳಿ ಪೂರ್ತಿ ಬಿಟ್ಟಿದ್ದಾರಾ ನೋಡಿಕೊಳ್ಳಿ.

ಇದರ ಗೋಡೆ ಡ್ರಮ್ಮಿನದಕ್ಕಿಂತ ಮೂರ್ನಾಲ್ಕು ಪಟ್ಟು ದಪ್ಪ. ಎರಡು ಬ್ರಿಸ್ಕೆಟ್, ಪಕ್ಕದಲ್ಲಿ ಎರಡು ಕೋಳಿ ಹಿಡಿಯುತ್ತದೆ. ಹತ್ತು ಹದಿನೈದು ಜನಕ್ಕೆ ಧಾರಾಳ. ಕೊರತೆ ಎಂದರೆ ಅಗಲ ಕಡಿಮೆ. ಬೆಂಕಿಯ ಕಡೆ ಇಟ್ಟ ಮಾಂಸ ಬೇಗ ಕರಕಾಗುತ್ತದೆ, ಆಗಾಗ ತಿರುಗಿಸಬೇಕು. ಫೈರ್‌ಬಾಕ್ಸ್ ಕೂರಿಸೋಕೆ ವೆಲ್ಡಿಂಗ್ ಬೇಕೇ ಬೇಕು.

ಸೌದೆಯ ಬೆಂಕಿಯೇ ಬೇಕು, ಆದರೆ ಮನೆಮಟ್ಟಕ್ಕೆ ಸಾಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಪ್ರೊಪೇನ್ ಟ್ಯಾಂಕು

ಈಗ ದೊಡ್ಡಣ್ಣನ ವಿಷಯ. 250 ಗ್ಯಾಲನ್ನಿನದು 30 ಇಂಚು ಅಗಲ, ಏಳೂವರೆ ಅಡಿಗಿಂತ ಉದ್ದ, ಗೋಡೆ ಕಾಲು ಇಂಚಿನ ಹತ್ತಿರ. ಒಮ್ಮೆ ಕಾದರೆ ಬಾಗಿಲು ತೆರೆದು ಮುಚ್ಚಿದರೂ ಕಾವು ಇಳಿಯುವುದಿಲ್ಲ. ಮಳೆ ಬಂದರೂ ಕ್ಯಾರೆ ಅನ್ನುವುದಿಲ್ಲ. ಆರೇಳು ಬ್ರಿಸ್ಕೆಟ್ ಒಟ್ಟಿಗೆ. ಕನ್ನಡ ಸಂಘದ ಪಿಕ್ನಿಕ್ಕಿಗೆ ಅಡುಗೆ ಮಾಡೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಆದರೆ ಲೆಕ್ಕ ನೋಡಿ. ಬರೀ ಟ್ಯಾಂಕೇ ಐನೂರು ಪೌಂಡಿನ ಹತ್ತಿರ. ಫೈರ್‌ಬಾಕ್ಸ್ ಟ್ಯಾಂಕಿನ ಮೂರನೇ ಒಂದು ಭಾಗದಷ್ಟು ಜಾಗದ್ದಿರಬೇಕು ಅನ್ನುವುದು ಇಲ್ಲಿ ಕಟ್ಟುವವರ ರೂಢಿ. ಅಂದರೆ ಇದಕ್ಕೆ ಎಲ್ಲ ಕಡೆ 27 ಇಂಚಿನ ಪೆಟ್ಟಿಗೆ. ಕಾಲಿಂಚಿನ ಪ್ಲೇಟು ಒಂದು ಚದರಡಿಗೆ ಹತ್ತು ಪೌಂಡು ತೂಗುತ್ತದೆ, ಹಾಗಾಗಿ ಆ ಪೆಟ್ಟಿಗೆಯೇ 300 ಪೌಂಡು. ಮೇಲೆ ಚಿಮಣಿ, ಜಾಲರಿ, ಕಾಲು. ಸಾವಿರ ಪೌಂಡ್ ದಾಟಿದ್ದನ್ನು ಹಿತ್ತಲ ಗೇಟಿನಲ್ಲಿ ತಳ್ಳೋಕಾಗಲ್ಲ, ಟ್ರೇಲರ್ ಬೇಕು. ಟ್ರೇಲರ್ ನಿಲ್ಲಿಸಲು ನಿಮ್ಮ ಬಡಾವಣೆಯ ಸಂಘ ಬಿಡುತ್ತಾ ಕೇಳಿಕೊಳ್ಳಿ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಇಷ್ಟು ಕಬ್ಬಿಣ ಕಾಯಿಸಲು ಒಂದೂವರೆ ಎರಡು ಗಂಟೆ ಬೇಕು. ನಾಲ್ಕು ಕೋಳಿಕಾಲಿಗೆ ಅಷ್ಟು ಸೌದೆ ಸುಡುವುದು ಮನಸ್ಸಿಗೆ ಬರಲ್ಲ.

ಇದರ ತಮ್ಮ 120 ಗ್ಯಾಲನ್ನಿನದು. ಅದಕ್ಕೆ 21 ಇಂಚಿನ ಪೆಟ್ಟಿಗೆ ಸಾಕು. ಇಪ್ಪತ್ತು ಇಪ್ಪತ್ತೈದು ಜನಕ್ಕೆ ಆಗುತ್ತದೆ, ದಪ್ಪ ಕಬ್ಬಿಣದ ಸುಖವೂ ಇದೆ. ಪ್ರೊಪೇನ್ ಟ್ಯಾಂಕೇ ಬೇಕು ಅಂತ ಹಟ ಹಿಡಿದವರಿಗೆ ಇದನ್ನೇ ತೋರಿಸುತ್ತೇನೆ.

ಅಪಾಯದ ಮಾತು ಬೇರೆಯಾಗಿಯೇ ಹೇಳಬೇಕು. ಗಾಳಿಯಲ್ಲಿ ಪ್ರೊಪೇನ್ ನೂರಕ್ಕೆ ಎರಡು ಪಾಲು ಚಿಲ್ಲರೆ ಇದ್ದರೂ ಕಿಡಿ ತಗುಲಿದರೆ ಸಿಡಿಯುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ವಾಲ್ವ್ ತೆಗೆದು ವರ್ಷ ಬಿಟ್ಟರೂ ತಳದಲ್ಲಿ ಕೂತಿರಬಹುದು. ಗೋಡೆಗೆ ಅಂಟಿದ ಜಿಡ್ಡು ಕಾದಾಗಲೂ ಉರಿಯುವ ಆವಿ ಬರುತ್ತದೆ. ತಿಳಿದವರು ಬಯಲಲ್ಲಿ ಗ್ಯಾಸ್ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಕಂಠದವರೆಗೂ ನೀರು ತುಂಬಿ ಆವಿಯನ್ನು ಹೊರದೂಡುತ್ತಾರೆ. 250 ಗ್ಯಾಲನ್ ನೀರು ಎಂದರೆ ಎರಡು ಸಾವಿರ ಪೌಂಡ್, ಕೆಳಗಿನ ಆಸರೆ ಅದನ್ನು ತಡೆಯಬೇಕು. ಇದನ್ನು ವಿಡಿಯೋ ನೋಡಿ ಕಲಿಯುವುದು ಬೇಡ. ನೂರು ಡಾಲರ್ ಜಾಸ್ತಿಯಾದರೂ ಸರಿ, ಶುಚಿ ಮಾಡಿ ಮೊದಲೇ ಬಾಯಿ ಕತ್ತರಿಸಿಟ್ಟ ಟ್ಯಾಂಕು ಮಾರುವವರಿಂದ ತನ್ನಿ. ಇಲ್ಲವೇ ಫ್ಯಾಬ್ರಿಕೇಷನ್ ಶೆಡ್ಡಿಗೆ ಕೊಡಿ.

ಕೊಳ್ಳುವಾಗ ವಾಲ್ವಿನ ಹಿತ್ತಾಳೆ ನೋಡಿ. ಹಸಿರು ನೀಲಿ ಬಣ್ಣಕ್ಕೆ ತಿರುಗಿದ್ದರೆ ಆ ಟ್ಯಾಂಕಿಗೆ ಅಮೋನಿಯಾ ತುಂಬಿದ್ದಿರಬಹುದು, ಹೊಲದ ಕಡೆಯ ಟ್ಯಾಂಕುಗಳಲ್ಲಿ ಇದು ಉಂಟು. ಕೈ ಮುಗಿದು ಬನ್ನಿ. ಟ್ಯಾಂಕು ಮಾರುವವರದ್ದೇ ಹೌದಾ ಅಂತಲೂ ಕೇಳಿ. ಮನೆ ಪಕ್ಕ ಇರುವ ಎಷ್ಟೋ ಟ್ಯಾಂಕು ಗ್ಯಾಸ್ ಕಂಪನಿ ಬಾಡಿಗೆಗೆ ಕೊಟ್ಟದ್ದು.

ಉಳಿದವು

ವಾಟರ್ ಹೀಟರ್: ಬೇಡ. ಹೊರಗೆ ಫೋಮು, ಅದಕ್ಕೆ ಬೆಂಕಿ ತಗುಲಿದರೆ ವಿಷದ ಹೊಗೆ. ಒಳಗೆ ಗಾಜಿನ ಲೇಪ, ವೆಲ್ಡ್ ಮಾಡಿದ ಕಡೆಯೆಲ್ಲ ಚಕ್ಕೆ ಏಳುತ್ತದೆ. ಇಷ್ಟೆಲ್ಲ ಕಿತ್ತು ಹಾಕಿದ ಮೇಲೆ ಸಿಗುವುದು ಹದಿನಾರು ಇಂಚಿನ ಆಸುಪಾಸಿನ ಸಪೂರ ಕೊಳವೆ. ಪುಕ್ಕಟೆ ಅನ್ನುವುದೊಂದೇ ಅದರ ಗುಣ.

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆ ನೆಲಮಾಳಿಗೆಯಲ್ಲಿರುವ, ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ 275 ಗ್ಯಾಲನ್ನಿನ ಟ್ಯಾಂಕಿನಲ್ಲಿ ಇಡೀ ಹಂದಿ ಸುಡುವವರಿದ್ದಾರೆ. ಜಾಗ ದಂಡಿಯಾಗಿದೆ, ನಿಜ. ಆ ಸೀಮೆಎಣ್ಣೆಯಂಥ ವಾಸನೆ ಸುಟ್ಟು ಸುಟ್ಟು ಹೋಗಿಸಬೇಕು. ನನಗೆ ಆ ತಾಳ್ಮೆ ಇಲ್ಲ.

ಆಕ್ಸಿಜನ್, ಅಸಿಟಲೀನ್, ಫ್ರಿಜ್ ಗ್ಯಾಸಿನ ಸಿಲಿಂಡರುಗಳ ಮಾತೇ ಬೇಡ. ಸತು ಬಳಿದ ಗ್ಯಾಲ್ವನೈಸ್ಡ್ ತೊಟ್ಟಿಯೂ ಬೇಡ. ವೆಲ್ಡ್ ಮಾಡುವಾಗ ಏಳುವ ಅದರ ಹೊಗೆಗೆ ಜ್ವರ ಬರುತ್ತದೆ.

ಮೂವರೂ ಏನು ಮಾಡಿದರು

ಬೇಲಿ ಪಕ್ಕದ ಟ್ಯಾಂಕಿನ ಗೆಳೆಯರಿಗೆ "ಕಳೆದ ವರ್ಷ ಎಷ್ಟು ಸಲ ಮೂವತ್ತು ಜನಕ್ಕೆ ಅಡುಗೆ ಮಾಡಿದ್ರಿ?" ಅಂತ ಕೇಳಿದೆ. ಒಂದೇ ಸಲ. ಅವರ ಮನೆಯಲ್ಲಿ ನಾಲ್ಕು ಜನ, ಅದರಲ್ಲಿಬ್ಬರು ಮಾಂಸ ಮುಟ್ಟುವುದಿಲ್ಲ. ಆದರೆ ಅವರಿಗೆ ಬೆಂಕಿ ಪಕ್ಕ ಕೂರುವ ಹುಚ್ಚು ನಿಜವಾದದ್ದು, ಪಕ್ಕದ ಬೀದಿಯಲ್ಲಿ ವೆಲ್ಡಿಂಗ್ ಮಾಡುವ ಸ್ನೇಹಿತರಿದ್ದಾರೆ. 80 ಗ್ಯಾಲನ್ನಿನ ಕಂಪ್ರೆಸರ್ ಟ್ಯಾಂಕಿಗೆ ಒಪ್ಪಿದರು. ಬಾಗಿಲು ಕತ್ತರಿಸುವಾಗ ಕೀಲಿನ ಕಡೆ ಮೊದಲು ಕತ್ತರಿಸಿ, ಕೀಲು ವೆಲ್ಡ್ ಮಾಡಿ, ಆಮೇಲೆ ಉಳಿದ ಮೂರು ಕಡೆ ಕತ್ತರಿಸಿ ಅಂತ ಹೇಳಿಕೊಟ್ಟೆ. ಇಂಥ ಟ್ಯಾಂಕಿನ ಉಕ್ಕು ಬಿಗಿದುಕೊಂಡಿರುತ್ತದೆ, ಒಟ್ಟಿಗೆ ಕತ್ತರಿಸಿದರೆ ಬಾಗಿಲು ಸೆಟೆದು ಮತ್ತೆ ಕೂರುವುದೇ ಇಲ್ಲ.

ವಾಟರ್ ಹೀಟರಿನವರು ಸ್ವಲ್ಪ ಬೇಜಾರು ಮಾಡಿಕೊಂಡರು. ಅವರದು ಬಾಡಿಗೆ ಮನೆ, ವೆಲ್ಡಿಂಗ್ ಇಲ್ಲ, ಶನಿವಾರ ಮಕ್ಕಳ ಕ್ಲಾಸು. ಅವರಿಗೆ ಡ್ರಮ್ಮು ಬಿಟ್ಟರೆ ಬೇರೇನೂ ಹೊಂದುವುದಿಲ್ಲ. ಮನೆ ಬದಲಿಸಿದರೆ ಕೈಗಾಡಿಯಲ್ಲಿ ಹೊತ್ತೊಯ್ಯಬಹುದು.

ಡ್ರಮ್ಮಿನವರ ಡ್ರಮ್ಮಿಗೂ ಒಳಗೆ ಕೆಂಪು ಲೇಪ ಇತ್ತು. ನನ್ನ ಕಥೆ ಕೇಳಿ ಹಿಂತಿರುಗಿಸಿದರು. ಈಗ ಹೊಸದು ತಂದು ತೂತು ಕೊರೆದು ಮುಗಿಸಿದ್ದಾರೆ. ಹೊರಗೆ ಮಾತ್ರ ಕಾವು ತಡೆಯುವ ಪೇಂಟು, ಒಳಗೆ ಬರೀ ಅಡುಗೆ ಎಣ್ಣೆ ಸವರಿ ಮೂರು ಗಂಟೆ ಖಾಲಿ ಉರಿಸಿ ಅಂದಿದ್ದೇನೆ.

ಯಾವ ಟ್ಯಾಂಕೇ ಆಗಲಿ, ಎರಡನೇ ಬೆಂಕಿಗೂ ಮಾಂಸ ಇಡಬೇಡಿ. ಇಲ್ಲಿಯವರು ಜಾಲರಿ ತುಂಬ ಬಿಸ್ಕೆಟ್ ಹಿಟ್ಟು ಸಾಲಾಗಿಟ್ಟು ಎಲ್ಲಿ ಬಿಸಿ ಜಾಸ್ತಿ ಅಂತ ನೋಡುತ್ತಾರೆ. ನಾನು ಆರು ಗುಂಡು ಬದನೆಕಾಯಿ ಇಡುತ್ತೇನೆ. ಯಾವುದು ಮೊದಲು ಕರಟುತ್ತದೋ ಅಲ್ಲಿ ಕೋಳಿ, ಯಾವುದು ಕೊನೆಗೆ ಮೆತ್ತಗಾಗುತ್ತದೋ ಅಲ್ಲಿ ಬ್ರಿಸ್ಕೆಟ್ಟು. ಆರನ್ನೂ ಸಿಪ್ಪೆ ಸುಲಿದು, ಹುಣಸೆರಸ, ಹಸಿಮೆಣಸು, ಬೆಲ್ಲ ಹಾಕಿ ಕಿವುಚಿದರೆ ರಾತ್ರಿಗೆ ಗೊಜ್ಜು.